ಉಪಗ್ರಹ ಚಿತ್ರದಲ್ಲಿ ಕಂಡ ಕಾರ್ಖಾನೆ

ಗಂಗಾವತಿ

ಅಪ್ಪಾ, ನಿನಗೆ ಸುರೇಖಾಳ ನಮಸ್ಕಾರ.

ಕಾರ್ಖಾನೆಯ ಮಾತು ತೆಗೆದರೆ ಸಾಕು, ನೀನು ಫೋನ್ ಕಟ್ ಮಾಡುತ್ತೀಯ. ಅದಕ್ಕೇ ಬರೆದು ದುರಗೇಶಣ್ಣನ ಕೈಲಿ ಕಳಿಸುತ್ತಿದ್ದೇನೆ.

ಹಣ ಹೂಡುವವರಿಗಾಗಿ ಕಂಪನಿಗಳ ಸ್ಥಿತಿಗತಿ ಹುಡುಕಿ ಹೇಳುವುದು ನನ್ನ ಕೆಲಸ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದಾದದ್ದನ್ನೇ ನಾನೂ ನೋಡುತ್ತೇನೆ. ಈ ಸಲ ಬೀಗ ಬಿದ್ದಿರುವ ಕೊಪ್ಪಳದ ನಿಮ್ಮ ಕಬ್ಬಿಣದ ಕಾರ್ಖಾನೆಯನ್ನು ನೋಡಿದೆ. ಉಪಗ್ರಹದ ಚಿತ್ರದಲ್ಲಿ ಅದಿರಿನ ರಾಶಿಯಿದ್ದ ಜಾಗದಲ್ಲಿ ಬರೀ ನೆಲವಿದೆ. ಹಿಂದಿನ ಶೆಡ್ಡುಗಳ ಚಾವಣಿ ಬಿಚ್ಚಿದ್ದಾರೆ. ಕುಲುಮೆ ಮಾರಾಟಕ್ಕಿದೆ ಎಂಬ ಜಾಹೀರಾತೂ ಸಿಕ್ಕಿತು. ನೀನು ಮಾಡುತ್ತಿದ್ದ ಕೆಲಸಕ್ಕೇ ಕಂಪನಿಯವರು ಒಡಿಶಾದ ತಮ್ಮ ಹೊಸ ಘಟಕದಲ್ಲಿ ಜನರನ್ನು ಕರೆದಿದ್ದಾರೆ.

"ದೀಪಾವಳಿ ಆದ ಮ್ಯಾಲೆ ತೆಗೀತೀವಿ ಅಂತ ಮಾಲಕರು ಮಾತು ಕೊಟ್ಟಾರ. ನಿನ್ನ ಮೊಬೈಲಿಗೆ ಏನ್ ಗೊತ್ತೈತಿ?" ಎಂದು ಅವತ್ತು ನೀನು ಗದರಿದೆ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ನೀನು ಕೂತಿದ್ದೀಯ ಎಂದು ಉಳಿದ ಕೆಲಸಗಾರರೂ ಗೇಟಿನ ಮುಂದೆ ಕೂತಿದ್ದಾರೆ. "ಗ್ಯಾನಪ್ಪಣ್ಣ ಎದ್ರ ನಾವೂ ಏಳ್ತೀವ್ರಿ" ಎಂದು ಅವರೇ ದುರಗೇಶಣ್ಣನಿಗೆ ಹೇಳಿದರಂತೆ.

ಶ್ರೀರಾಮನಗರದ ಅಕ್ಕಿ ಗಿರಣಿಯಲ್ಲಿ ಕೆಲವರಿಗೆ ಕೆಲಸವಿದೆ, ಅಣ್ಣ ಮಾತಾಡಿದ್ದಾನೆ. ನೀನು ಹೋಗುವುದಿಲ್ಲ ಎಂದು ಗೊತ್ತು. ಚಿಕ್ಕ ಮಕ್ಕಳಿರುವವರನ್ನಾದರೂ ಎಬ್ಬಿಸಿ ಕಳಿಸು. ಅವರು ಕೇಳುವುದು ನಿನ್ನ ಮಾತೊಂದನ್ನೇ.

ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೋ. ಬಿಪಿ ಗುಳಿಗೆ ಬಿಡಬೇಡ. ಸೋಮವಾರ ರಜೆ ಹಾಕಿ ನಾನೂ ಬಂದು ನಿನ್ನ ಪಕ್ಕ ಕೂರುತ್ತೇನೆ. ಗೇಟು ತೆರೆಯುತ್ತದೆ ಎಂದಲ್ಲ ಅಪ್ಪಾ. ಅವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ನೀನು ಒಬ್ಬನೇ ಆಗುತ್ತೀಯ.

ನಿನ್ನ ಮಗಳು,
ಸುರೇಖಾ