ಮೂರನೇ ಟ್ಯಾಂಕಿನ ಹಿಟ್ಟು

ಮಾರ್ಚ್ 3, ಬೆಳಿಗ್ಗೆ 7
ಮೀನುಗಳ ತೂಕ ಆಯಿತು. ನೀರಿನ ಟೆಂಪರೇಚರ್ ಇಪ್ಪತ್ತೇಳು. ಒಂದನೇ ಟ್ಯಾಂಕಿಗೆ ಬರೀ ಮೀನಿನ ಪುಡಿ. ಎರಡಕ್ಕೆ ಸ್ವಲ್ಪ ಆಲೂಗಡ್ಡೆ ಹಿಟ್ಟು. ಮೂರಕ್ಕೆ ಅರ್ಧಕ್ಕರ್ಧ ಹಸಿ ಮೆಕ್ಕೆಜೋಳದ ಹಿಟ್ಟು. ಎರಡು ತಿಂಗಳು ತಿನ್ನಿಸಿ, ಯಾವುದು ಒಗ್ಗುತ್ತದೆ ನೋಡಬೇಕು. ಬೇಟೆಯಾಡುವ ಜಾತಿ — ಹಿಟ್ಟು ಕಂಡರೆ ಮುಖ ಸಿಂಡರಿಸುತ್ತವೆ. ಮೇವು ಕಲಸುವವರು ದೊಡ್ಡಪ್ಪ. ನನ್ನನ್ನು ಸಾಕಿದವರು. ಅವರನ್ನು ಈ ಲ್ಯಾಬಿನಲ್ಲಿ ಕೆಲಸಕ್ಕೆ ಹಚ್ಚಿದ್ದು ನಾನೇ. ಒಂದೊಂದು ಮೀನನ್ನೂ ಮಾತಾಡಿಸುತ್ತಾರೆ. ನನ್ನನ್ನು ಇಷ್ಟು ಮುದ್ದು ಮಾಡಿದ್ದು ನೆನಪಿಲ್ಲ.

ಮಾರ್ಚ್ 12
ಮೂರನೇ ಟ್ಯಾಂಕು ಸೊರಗಿದೆ. ಹಿಟ್ಟು ಅರಗದೆ ಹಾಗೇ ಹೊರಬರುತ್ತಿದೆ.
"ಪಾಪ ಕಣಮ್ಮ, ಹೊಟ್ಟೆ ನೋಯ್ತಿರತ್ತೆ."
"ಅದೇ ಪ್ರಯೋಗ ದೊಡ್ಡಪ್ಪ. ಕೈ ಹಾಕ್ಬೇಡಿ."
ತಲೆಯಾಡಿಸಿದರು.

ಮಾರ್ಚ್ 30
ಮೂರನೆಯದು ಮೈ ತುಂಬಿಕೊಂಡಿದೆ! ಲ್ಯಾಬಿನ ಸಾಹೇಬರಿಗೆ ಖುಷಿ. ದೊಡ್ಡಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದರು. ಯಾಕೆಂದು ಕೇಳಬೇಕೆನ್ನಿಸಿತು. ಕೆಲಸದ ಗಡಿಬಿಡಿಯಲ್ಲಿ ಕೇಳಲಿಲ್ಲ.

ಏಪ್ರಿಲ್ 19, ಮಧ್ಯಾಹ್ನ
ಇವತ್ತು ಹನ್ನೊಂದು ಸತ್ತಿವೆ. ನಿನ್ನೆ ಆರು. ಎಲ್ಲ ಮೂರನೇ ಟ್ಯಾಂಕಿನವೇ. ಕೊಯ್ದೆ. ಲಿವರ್ ಊದಿ ಬಿಳಚಿಕೊಂಡಿದೆ. ರಕ್ತದಲ್ಲಿ ಸಕ್ಕರೆ ವಿಪರೀತ. ಹಸಿ ಹಿಟ್ಟಿಗೆ ಹೀಗಾಗದು, ಅದು ಅರಗುವುದೇ ಕಷ್ಟ...
ಮೇವಿನ ಕೋಣೆಗೆ ಹೋದೆ. ಸ್ಟೌವ್ ಮೇಲೆ ಹಿಟ್ಟು ಕುದಿಯುತ್ತಿತ್ತು, ದೊಡ್ಡಪ್ಪ ತಿರುವುತ್ತಿದ್ದರು.
"ಐದು ವಾರದಿಂದ ಬೇಯಿಸೇ ಹಾಕ್ತಿದೀನಿ. ಎಷ್ಟು ಚೆನ್ನಾಗಿ ತಿಂತಿದ್ವು ಗೊತ್ತಾ? ಈಗೇನೋ ರೋಗ ಬಂದಿದೆ. ಇನ್ನೂ ಸ್ವಲ್ಪ ಮೆತ್ತಗೆ ಮಾಡ್ತೀನಿ, ಬದುಕ್ತಾವೆ."
ಸ್ಟೌವ್ ಆರಿಸಿ ಬಂದೆ.

ಏಪ್ರಿಲ್ 20
ವರದಿಯಲ್ಲಿ ಬರೆಯಲೇಬೇಕು. ದೊಡ್ಡಪ್ಪ ಅದನ್ನು ಸಾಹೇಬರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು. ಕುಸಿದುಹೋಗುತ್ತಾರೆ. ಹೇಗೆ ಹೇಳಲಿ?

ಏಪ್ರಿಲ್ 23, ಸಂಜೆ 6
ಹೇಳಿದೆ. ಬೇಯಿಸಿದ್ದಕ್ಕೆ ಹಿಟ್ಟು ಪೂರ್ತಿ ಅರಗಿತು, ಅಷ್ಟು ಸಕ್ಕರೆ ಈ ಜಾತಿ ತಡೆಯದು — ಆದಷ್ಟು ಮೆಲ್ಲಗೆ. ಕೆಲಸ ಹೋಗಬಹುದು ಅಂದದ್ದು ಅವರ ಕಿವಿಗೇ ಬೀಳಲಿಲ್ಲ.
"ನಾನೇನಾ ಕೊಂದಿದ್ದು?"
"ನೀವು ಪ್ರೀತಿಯಿಂದ..."
"ಅದಲ್ಲಮ್ಮ ನಾನು ಕೇಳಿದ್ದು."
ಹೌದು ಅಂದೆ.
ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ, "ನಿಮ್ ದೊಡ್ಡಮ್ಮಂಗೂ ಕೊನೇ ಮೂರು ತಿಂಗಳು ನಾನೇ ಅಲ್ವಾ ಬೇಯಿಸಿ ತಿನ್ನಿಸಿದ್ದು? ಡಾಕ್ಟ್ರು ಏನೂ ಹೇಳ್ಲಿಲ್ಲ... ನೀನಾದ್ರೂ ನಿಜ ಹೇಳು."
ಇಲ್ಲ ದೊಡ್ಡಪ್ಪ, ಅದು ಬೇರೆ ಕಾಯಿಲೆ — ಎಷ್ಟು ಸಲ ಹೇಳಿದೆನೋ. ನಂಬಿದಂತೆ ಕಾಣಲಿಲ್ಲ.

ಏಪ್ರಿಲ್ 24
ಊಟಕ್ಕೆ ಕೂತೆವು. ದಿನಾ ಬಡಿಸುವವರು ಅವರೇ. ಸೌಟು ಎತ್ತಿದವರು ಹಾಗೇ ಕೆಳಗಿಟ್ಟರು.
"ನೀನೇ ಬಡಿಸ್ಕೊಳಮ್ಮ."
ತಟ್ಟೆಯನ್ನು ಅವರ ಕಡೆಗೇ ತಳ್ಳಿದೆ. ನೀವೇ ಹಾಕಿ ದೊಡ್ಡಪ್ಪ, ನೀವು ಹಾಕದಿದ್ದರೆ ನಾನು ತಿನ್ನುವುದಿಲ್ಲ ಅಂದೆ.