ಆರನೆಯ ಅಧ್ಯಾಯದ ಗಿರಾಕಿ

ಶಹಾಬಾದ
೧೧ ನವೆಂಬರ್ ೨೦೨೪

ಚಿರಂಜೀವಿ ಅಮರನಾಥನಿಗೆ,

ಆಶೀರ್ವಾದ ಎಂದು ಬರೆಯಲು ಮೊದಲು ಮನಸ್ಸಾಗಲಿಲ್ಲ. ನೀನು ನನ್ನ ಬೆನ್ನಿಗೆ ಬಿದ್ದ ತಮ್ಮ. ಅದಕ್ಕೆ ಬರೆಯುತ್ತಿದ್ದೇನೆ: ಆಶೀರ್ವಾದ. ಉಳಿದದ್ದನ್ನೂ ಓದು.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿ ಇಟ್ಟುಬಿಟ್ಟೆ. ನನಗೆ ಮಾತು ತಡವಾಗಿ ಬರುತ್ತದೆ, ನಿನಗೆ ಗೊತ್ತಿದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ದಿನಾ ನಾಲ್ಕು ಸಾಲು ದಿನಚರಿ ಬರೆಯುತ್ತಿದ್ದೆ. ನಿನ್ನ ಪುಸ್ತಕ ಓದಿದಂದಿನಿಂದ ಅದೂ ನಿಂತಿದೆ. ತಾರೀಖು ಹಾಕುತ್ತೇನೆ, ಮುಚ್ಚಿಡುತ್ತೇನೆ.

ನೀನು ಪುಸ್ತಕ ಬರೆದದ್ದು ನನಗೆ ನಿನ್ನಿಂದ ತಿಳಿಯಲಿಲ್ಲ. ತಂದುಕೊಟ್ಟವರು ಸೇಡಂನ ತಮ್ಮಣ್ಣನವರು, ತೊಗರಿಬೇಳೆ ಮಿಲ್ಲಿನವರು. ನಿಂತುಹೋದ ನಮ್ಮ ಕಲ್ಲಿನ ಪಾಲಿಶ್ ಮಷೀನನ್ನು ನಾನು ಮತ್ತು ಅದರ ಹಳೆಯ ಕೆಲಸಗಾರ ಬಂದೇಅಲಿ ಸೇರಿ ಮತ್ತೆ ಶುರುಮಾಡಬೇಕು, ತಮ್ಮಣ್ಣನವರು ಬಂಡವಾಳ ಹಾಕಬೇಕು ಎಂದು ದೀಪಾವಳಿಗೆ ಮೊದಲೇ ಮಾತಾಗಿತ್ತು. ಅಷ್ಟರಲ್ಲಿ ಅವರು ಸೇಡಂನಲ್ಲಿ ನಿನ್ನ ವ್ಯಾಪಾರ ತರಬೇತಿ ಶಿಬಿರಕ್ಕೆ ಹೋಗಿದ್ದಾರೆ. ಅಲ್ಲಿ ನೀನು ಎಲ್ಲರಿಗೂ ಒಂದು ಹಾಳೆ ಹಂಚಿದ್ದೀ: ಉದ್ಯಮಿಗಳು, ಮ್ಯಾನೇಜರುಗಳು, ಹೂಡಿಕೆದಾರರು ಓದಲೇಬೇಕಾದ ಪುಸ್ತಕಗಳು. ಮೊದಲನೆಯದು ನಿನ್ನದೇ. ಒಳ್ಳೆಯದು, ನಮ್ಮ ಮನೆಯ ಹುಡುಗ ಪುಸ್ತಕ ಬರೆದನಲ್ಲ ಎಂದು ಖುಷಿಯಿಂದಲೇ ಕೈಯಲ್ಲಿ ಹಿಡಿದೆ.

ತಮ್ಮಣ್ಣನವರು ಚಹಾ ಮುಟ್ಟಲಿಲ್ಲ. "ಅಕ್ಕಾರ, ಒಂದ್ ಮಾತ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆರನೇ ಅಧ್ಯಾಯದಾಗ ಭೀಮಣ್ಣ ಅಂತ ಒಬ್ಬಾಂವ ಬರ್ತಾನ. ಅಂವ ನಮ್ಮ ದೇವೀಂದ್ರಪ್ಪನವರೇ ಹೌದಲ್ರಿ?" ಎಂದರು.

ಅವರೆದುರಿಗೇ ಓದಿದೆ. ಕಾಗಿಣಾ ಹೊಳೆಯ ದಂಡೆಯ ಭೀಮಣ್ಣ ಎಂಬ ಕಲ್ಲಿನ ವ್ಯಾಪಾರಿ ಬರೀ ಬಾಯಿಮಾತು ನಂಬಿ ನೆಲಕ್ಕೆ ಹಾಸುವ ಆರು ಮೂಲೆಯ ಫರಸಿ ಕಲ್ಲು ಕೊಯ್ಯುತ್ತಾನೆ. ಗಿರಾಕಿ ಬೇಡವೆನ್ನುತ್ತಾನೆ. ಚೌಕ ಕಲ್ಲಾದರೆ ಯಾರಾದರೂ ಒಯ್ಯುತ್ತಾರೆ, ಆರು ಮೂಲೆಯ ಕಲ್ಲನ್ನು ಯಾರು ಕೇಳುತ್ತಾರೆ? ಭೀಮಣ್ಣ ಮುಳುಗುತ್ತಾನೆ. ಕಣ್ಣಿಗೆ ಬೀಳಬಾರದೆಂದು ಆ ಕಲ್ಲುಗಳ ಮೇಲೆ ಗೋಣಿತಟ್ಟು ಹೊದಿಸಿಡುತ್ತಾನೆ. ಅಧ್ಯಾಯದ ಕೊನೆಗೆ ಪ್ರಶ್ನೆ: "ಭೀಮಣ್ಣ ಮಾಡಿದ ಮೂರು ತಪ್ಪುಗಳು ಯಾವುವು? ಗುಂಪಿನಲ್ಲಿ ಚರ್ಚಿಸಿ."

ಊಟವಾದ ಮೇಲೆ ಚರ್ಚೆ ಮಾಡಿದೆವು ಎಂದರು ತಮ್ಮಣ್ಣನವರು. ಒಂದು ಗುಂಪಿನವರು ಐದು ತಪ್ಪು ಹುಡುಕಿದರಂತೆ. ಅವರಿಗೆ ಚಪ್ಪಾಳೆ ಹೊಡೆಸಿದೆಯಂತೆ.

ಗೋಣಿತಟ್ಟಿನ ಮಾತು ಯಾರಿಗೂ ಗೊತ್ತಿರಲಿಲ್ಲ, ಅಮರ. ನಿನ್ನ ಮಾಮಾನ ದಿನಕರ್ಮ ಮುಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಅಳುತ್ತಾ ನಿನಗೊಬ್ಬನಿಗೇ ಹೇಳಿದ್ದೆ. ನೀನು ನನ್ನ ತಲೆ ಸವರುತ್ತಾ ಕೇಳಿಸಿಕೊಂಡೆ. ಹಾಗೆ ಕೇಳಿಸಿಕೊಂಡದ್ದು ಅಧ್ಯಾಯಕ್ಕಾಗಿ ಎಂದು ನನಗೆ ಹೇಗೆ ಗೊತ್ತಾಗಬೇಕು?

ಎಲ್ಲ ಬರೆದಿದ್ದೀ. ಆ ಗಿರಾಕಿ ಯಾರು ಎಂಬುದೊಂದನ್ನು ಮಾತ್ರ ಬರೆದಿಲ್ಲ.

ಕಲಬುರಗಿಯ ನಿನ್ನ ಹೊಸ ತರಬೇತಿ ಕೇಂದ್ರಕ್ಕೆ ಜೇನುಹುಟ್ಟಿನ ಹಾಗೆ ನೆಲ ಇರಬೇಕು, ಹೈದರಾಬಾದಿನ ಹೋಟೆಲಿನಲ್ಲಿ ನೋಡಿದ್ದೇನೆ ಎಂದು ಬಂದವನು ನೀನು. "ಮಾಮಾ, ನಿಮ್ಮ ಕೈಲೆನೇ ಆಗಬೇಕು ನೋಡ್ರಿ" ಎಂದು ಅವರ ಪಕ್ಕದಲ್ಲಿ ಕುಳಿತು ರೊಟ್ಟಿ ಉಂಡವನೂ ನೀನೇ. ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಿ ಎಂದು ಬಂದೇಅಲಿ ಹೇಳಿದ್ದ. ಅವರು ನಕ್ಕುಬಿಟ್ಟರು. "ಏ ಹುಚ್ಚಾ, ಹೇಣ್ತಿ ತಮ್ಮನ ಕಡಿಂದ ಸಹಿ ಹಾಕಿಸ್ಕೊಂಡ್ರ ಆಕಿ ನನಗ ನಾಳಿಂದ ಊಟಕ್ಕ ಹಾಕ್ತಾಳೇನು?" ನಾನೂ ನಕ್ಕಿದ್ದೆ. ನಮ್ಮ ಕಡೆ ಅಳಿಯನಾದವನು ಮಾವನ ಮನೆಯವರಿಂದ ಕಾಗದ ಬರೆಸಿಕೊಂಡರೆ ಆ ಮನೆಗೆ ಬೈದ ಹಾಗೆ. ಇದು ನಿನಗೂ ತಿಳಿಯದ್ದೇನಲ್ಲ.

ಕಲ್ಲೆಲ್ಲ ಕೊಯ್ದಾದ ಮೇಲೆ ನೀನು ಫೋನು ಮಾಡಿದೆ. ಪಾಲುದಾರರು ಟೈಲ್ಸೇ ಆಗಲಿ ಅನ್ನುತ್ತಿದ್ದಾರೆ ಎಂದೆ. ನಿನ್ನ ಮಾಮಾ "ಆಯ್ತಪಾ" ಎಂದಷ್ಟೇ ಹೇಳಿದರು. ಕೆಲಸಗಾರರ ಮುಂದೆ, ಪುಣೆಯ ಗಿರಾಕಿ ಕೈಕೊಟ್ಟ ಎಂದರು. ನನ್ನ ತವರಿನ ಮೇಲೆ ಮಾತು ಬರಬಾರದೆಂದು ಸಾಯುವವರೆಗೂ ಪುಣೆ ಎಂದೇ ಹೇಳಿದರು. ನೀನೇ ಅವರನ್ನು ಕೊಂದೆ ಎಂದು ನಾನು ಅನ್ನುವುದಿಲ್ಲ. ಅವರ ಎದೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆದರೆ ಬದುಕಿದ್ದಾಗ ಅವರು ನಿನ್ನನ್ನು ಮುಚ್ಚಿಟ್ಟರು, ಸತ್ತ ಮೇಲೆ ನೀನು ಅವರನ್ನು ಬಿಚ್ಚಿಟ್ಟೆ.

ತಮ್ಮಣ್ಣನವರು ಕೆಟ್ಟವರಲ್ಲ. ನೇರವಾಗಿ ಕೇಳಿದರು. "ನಾ ಅವರನ್ನ ಭಾಳ ಶಾಣ್ಯಾರು ಅಂತ ತಿಳ್ಕೊಂಡಿದ್ದೆ ಅಕ್ಕಾರ. ಗುರ್ತಿಲ್ದಾಂವನ ಮಾತ್ ಕೇಳಿ ಇಷ್ಟ್ ಕಲ್ ಕೊಯ್ದಾರಂದ್ರ, ಅದೇ ಮಷೀನಿಗಿ ನಾ ಹ್ಯಾಂಗ್ ರೊಕ್ಕ ಹಾಕ್ಲಿ? ಗಿರಾಕಿ ಯಾರಿದ್ರು ಅಂತಾದ್ರೂ ಹೇಳ್ರಿ."

ಪುಣೆಯವರು ಎಂದೆ. ಯಾಕೆ ಹಾಗೆಂದೆನೋ. ಯಜಮಾನರ ಬಾಯಿಯ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು. ಯೋಚನೆ ಮಾಡಿ ಹೇಳುತ್ತೇನೆ ಎಂದು ತಮ್ಮಣ್ಣನವರು ಎದ್ದು ಹೋದರು. ಅವರ ಗಾಡಿ ತಿರುವು ದಾಟುವುದನ್ನು ಬಂದೇಅಲಿ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಹೇಳಿದ: "ಭಾಬಿ, ನಾ ಆ ಕಲ್ಲಿನ ಅಳತಿಗಿ ಕಟಗಿ ಫರ್ಮಾ ಕೊಯ್ಯಾಕತ್ತಾಗ ನಿಮ್ಮ ತಮ್ಮ ನನ್ನ ಬಾಜೂಕ ಕುಂತು ಮೂಲಿ ತೋರಿಸ್ಲಿಕತ್ತಿದ್ದ. ಅಂವ ಪುಣೇದಾಂವ ಯಾವಾಗ ಆದ? ಯಜಮಾನ್ರು ಸುಳ್ಳ್ ಹೇಳಿದ್ರು, ಅವರ್ದು ಅವರಿಗಿ ಹೋಯ್ತು. ನೀವು ಹೇಳಿದ್ರ ಅದು ನನ್ನ ಹೊಟ್ಟಿ ಮ್ಯಾಲ ಬೀಳ್ತದ ನೋಡ್ರಿ."

ಅವನೂ ವರ್ಷದಿಂದ ಆ ಮಷೀನು ಶುರುವಾಗುವುದನ್ನೇ ಕಾಯುತ್ತಿದ್ದಾನೆ. ವಾಡಿಯ ಸಿಮೆಂಟು ಕಾರ್ಖಾನೆಗೆ ಹೋಗಿ ದಿನಗೂಲಿ ಮಾಡುತ್ತಾನೆ. ಅಂಥ ಪಾಲಿಶ್ ಕೆಲಸಗಾರ ಸಿಮೆಂಟು ಚೀಲ ಹೊರುತ್ತಿದ್ದಾನೆ.

ಅದಕ್ಕೇ ನಿನಗೆ ಫೋನು ಮಾಡಿದ್ದೆ. ನೀನು ಹೇಳಿದ್ದು ಇಷ್ಟು: "ಅಕ್ಕಾ, ಹೆಸರು ಬದಲ್ ಮಾಡೀನಲ್ಲ! ಮಾಮಾನ ತಪ್ಪಿನಿಂದ ಸಾವಿರ ಮಂದಿ ಕಲೀತಾರಂದ್ರ ಛಲೋ ಅಲ್ಲೇನು? ನೀ ಸುಮ್ನ ಮನಸಿಗಿ ಹಚ್ಕೋಬ್ಯಾಡ."

ನಿನ್ನ ಪ್ರಶ್ನೆಗೆ ನಾನೂ ಉತ್ತರ ಬರೆದು ನೋಡಿದೆ, ಅಮರ. ಏಳನೇ ಇಯತ್ತೆ ಓದಿದವಳು ನಾನು, ತಪ್ಪಿದ್ದರೆ ತಿದ್ದು. ಭೀಮಣ್ಣ ಮಾಡಿದ ತಪ್ಪು ಮೂರಲ್ಲ. ಗಿರಾಕಿಯನ್ನು ಅವನು ಮನೆಯ ಮಗ ಎಂದುಕೊಂಡ. ಎರಡನೆಯದನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ.

ಬಾಯಿಮಾತು ನಂಬಬೇಡಿ ಎಂದು ಊರೂರಿಗೆ ಹೋಗಿ ಹೇಳುತ್ತಿದ್ದೀ. ಹೇಳು. ಆದರೆ ಯಾರ ಬಾಯಿಯ ಮಾತು ಎಂಬುದನ್ನೂ ಸೇರಿಸಿ ಹೇಳು. ಶನಿವಾರ ಸೇಡಂನಲ್ಲಿ ಶಿಬಿರದ ಕೊನೆಯ ದಿನವಂತೆ. ಅಷ್ಟೂ ಜನರ ಮುಂದೆ ನಿನ್ನ ಬಾಯಿಂದಲೇ ಆ ಗಿರಾಕಿಯ ಹೆಸರು ಬರಲಿ. ನಿನ್ನಿಂದ ನನಗೆ ಬೇಕಾದದ್ದು ಅಷ್ಟೇ.

ಮುಂದಿನ ನಾಗರಪಂಚಮಿಗೆ ತವರಿಗೆ ಕರೆಯಲು ಬರುವುದಿದ್ದರೆ ಆ ಹೆಸರು ಹೇಳಿದ ಮೇಲೆ ಬಾ. ಅಲ್ಲಿಯವರೆಗೆ ಬೇಡ.

ನಿನ್ನ ಅಕ್ಕ,
ಚಂದ್ರಕಲಾ ದೇವೀಂದ್ರಪ್ಪ

ಮರೆತಿದ್ದೆ: ಈ ಕಾಗದವನ್ನು ನಾನು ಅಂಚೆಗೆ ಹಾಕುತ್ತಿಲ್ಲ. ಬಂದೇಅಲಿ ನಾಳೆ ಸೇಡಂಗೆ ಹೋಗಿ ತಮ್ಮಣ್ಣನವರ ಕೈಗೆ ಕೊಡುತ್ತಾನೆ. ಶನಿವಾರ ಅವರೇ ನಿನಗೆ ತಲುಪಿಸುತ್ತಾರೆ. ಲಕೋಟೆಗೆ ಅಂಟು ಹಚ್ಚಿಲ್ಲ. ಮೊದಲು ನೀವು ಓದಿರಿ ಎಂದು ಅವರಿಗೆ ಮೇಲೆಯೇ ಬರೆದಿದ್ದೇನೆ.