ಅಮ್ಮನ ಹೆಬ್ಬೆರಳಿನ ಡಾಕ್ಟರು

ಜೂನ್ ೩, ಬೆಳಿಗ್ಗೆ

ಅಪರಾಧಿಯ ತಪ್ಪೊಪ್ಪಿಗೆ: ಇಂದು ಒಬ್ಬ ವೃದ್ಧೆಗೆ ನಾನು ಡಾಕ್ಟರೆಂದು ನಂಬಿಸಿದೆ. ವೃದ್ಧೆ ನನ್ನ ಅಮ್ಮ. ಪೂರ್ತಿ ಸುಳ್ಳೇನಲ್ಲ. ಪಿಎಚ್‌.ಡಿ. ಇದೆ, ಛಂದಸ್ಸಿನಲ್ಲಿ. ಇಷ್ಟು ಕಾಲ ಪದ್ಯದ ಪಾದ ನೋಡಿದವನು, ಈಗ ಅಮ್ಮನದು.

ಬೇರೆ ದಾರಿಯಿರಲಿಲ್ಲ. ಮರೆವಿನ ಕಾಯಿಲೆ ಹೆಚ್ಚಾದಾಗಿನಿಂದ ಅಮ್ಮನಿಗೆ ನಾನು ಯಾರೋ ಗಂಡಸು. ಕೋಣೆಗೆ ಕಾಲಿಟ್ಟರೆ ಕಿರುಚಾಟ. ಈಗ ಅವಳ ಕಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸದೊಳಗೆ ನುಗ್ಗಿ, ಊದಿ, ಕೀವು ಬೇರೆ. ಮೂಲೆಯನ್ನು ದುಂಡಗೆ ಕತ್ತರಿಸಿದವಳು ತಂಗಿ. "ಚೆಂದ ಕಾಣ್ಲಿ ಅಂತ ಕಣೋ!" ಆಮೇಲೆ ಅಮ್ಮ ಅವಳಿಗೆ ಕಾಲು ಮುಟ್ಟಗೊಡಲಿಲ್ಲ. ನಿಜವಾದ ಡಾಕ್ಟರು ಬಂದು, ಮುಲಾಮು ಬರೆದು, ನೇರಕ್ಕೆ ಕತ್ತರಿಸಬೇಕೆಂದು ಪಾಠ ಹೇಳಿ ಹೋದರು. ಅವರ ಬಿಳಿ ಅಂಗಿ ಕಂಡು ಅಮ್ಮ ಕಿರುಚಲಿಲ್ಲ. ಅವರ ಬೆನ್ನಿಗೇ ಬಿಳಿ ಅಂಗಿ ತೊಟ್ಟು ಒಳಗೆ ಹೋದೆ.

ಅಮ್ಮ ತಾನಾಗಿ ಕಾಲು ಚಾಚಿದಳು.

ಜೂನ್ ೫

ಉಗುರುಬೆಚ್ಚಗಿನ ನೀರು, ಉಪ್ಪು. ಆ ಪದಕ್ಕೆ ಕೊನೆಗೂ ಒಂದು ಉಗುರು ಸಿಕ್ಕಿತು. ನೆನೆದು ಮೆತ್ತಗಾದ ಮೇಲೆ ಅಂಚಿನಡಿ ಹತ್ತಿಯ ಎಳೆ ತೂರಿಸಬೇಕು — ಉಗುರಿಗೂ ಮಾಂಸಕ್ಕೂ ಜಗಳ ಬಿಡಿಸಿದಂತೆ.

"ಡಾಕ್ಟ್ರೇ, ನನಗೊಬ್ಬ ಮಗ ಇದಾನೆ. ಬಾಯಿ ತೆಗೆದ್ರೆ ತಮಾಷೆ. ಈ ಕಡೆ ತಲೆನೇ ಹಾಕಲ್ಲ."

"ಬಿಜಿ ಇರ್ಬೇಕಮ್ಮಾ."

"ಬರ್ಲಿ, ಬೆನ್ನಿಗೊಂದು ಬಾರಿಸ್ತೀನಿ. ಆಮೇಲೆ ಊಟಕ್ಕೆ ಹಾಕ್ತೀನಿ."

ಬಾಗಿಲಲ್ಲಿದ್ದ ತಂಗಿ ಮುಖ ತಿರುಗಿಸಿಕೊಂಡಳು. ನಾನು ಹತ್ತಿ ತೂರಿಸುತ್ತಲೇ ಇದ್ದೆ...

ಜೂನ್ ೧೩

ಬರೆಯಲು ಪುರುಸೊತ್ತಿರಲಿಲ್ಲ. ಒಳ್ಳೆಯ ದಿನಗಳು. ಕೀವು ನಿಂತಿದೆ, ಊತ ಇಳಿದಿದೆ. ಅಮ್ಮ ದಿನವೂ ಮಗನ ಕಥೆ ಹೇಳುತ್ತಾಳೆ. ಶಾಲೆಯ ನಾಟಕದಲ್ಲಿ ಅವನು ಮರವಾಗಿದ್ದನಂತೆ. ನಡುವೆ ಸೀನಿದನಂತೆ. "ಮರ ಸೀನಿದ್ದಕ್ಕೇ ಡಾಕ್ಟ್ರೇ, ಚಪ್ಪಾಳೆ ಬಿದ್ದಿದ್ದು!" ನನಗೆ ನೆನಪೇ ಇಲ್ಲ. ಅಮ್ಮನಿಗಿದೆ.

ತಂಗಿ: "ಏನ್ ಡಾಕ್ಟ್ರೇ, ಒಂದು ಬೆರಳಿಗೆ ಇಷ್ಟುದ್ದ ವಿಸಿಟ್ಟಾ?"

ಹೊಟ್ಟೆಕಿಚ್ಚು! ನನ್ನ ಕೈಗುಣ ಅಂಥದು. ಉಪ್ಪುನೀರು, ಹತ್ತಿ, ಕತ್ತರಿ — ಇಷ್ಟರಲ್ಲೂ ನನ್ನ ರೋಗಿ ಒಂದು ಸಲವಾದರೂ ನೋವಿಗೆ 'ಹಾ' ಎಂದಿಲ್ಲ. ಯಾವ ಆಸ್ಪತ್ರೆಯಲ್ಲಿದೆ ಇಂಥ ದಾಖಲೆ?

ಜೂನ್ ೨೦

ವಾಸಿ. ಉಗುರು ಮಾಂಸ ಬಿಟ್ಟು ಮೇಲೆ ಬಂದಿದೆ. ಅಮ್ಮ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಗುಣ ಆಯ್ತಲ್ಲ. ಇನ್ನು ನೀವ್ಯಾಕೆ ಬರೋ ತೊಂದ್ರೆ ತಗೋತೀರಿ?"

ಗೆದ್ದ ಡಾಕ್ಟರಿಗೆ ಕೆಲಸ ಹೋಯಿತು.

ಜೂನ್ ೨೨

ಮನೆ ಅಂಗಿಯಲ್ಲೇ ಹೋದೆ. ಆಸೆ, ಮತ್ತೇನು. "ಅಮ್ಮಾ, ನಾನು... ಮರ ಸೀನಿತ್ತಲ್ಲ, ಅವನು."

"ಯಾರೋ ನೀನು? ನನ್ನ ಮಗನ ಸುದ್ದಿ ನಿನಗ್ಯಾಕೆ? ಹೋಗಾಚೆ!"

ತಂಗಿ ಕೈಹಿಡಿದು ಹೊರಗೆ ಕರೆತಂದಳು.

ಜೂನ್ ೨೩, ಮಧ್ಯಾಹ್ನ

ಬಿಳಿ ಅಂಗಿ. "ಡಾಕ್ಟ್ರು ಕೊನೇ ಸಲ ನೋಡಿ ಹೋಗ್ತಾರಂತಮ್ಮ" ಎಂದು ತಂಗಿ ಒಪ್ಪಿಸಿ, ಬಾಗಿಲು ಎಳೆದುಕೊಂಡು ಹೋದಳು.

ಹೆಬ್ಬೆರಳು ಒತ್ತಿದೆ. "ನೋವಿದೆಯಾಮ್ಮಾ?"

"ಇಲ್ಲ."

ಇನ್ನೂ ಸ್ವಲ್ಪ ಒತ್ತಿದೆ.

"ಇಲ್ಲ ಡಾಕ್ಟ್ರೇ, ಆರಾಮಿದೆ."

ಆಮೇಲೆ... ಇದನ್ನು ತಂಗಿಗೆ ಹೇಳಿಲ್ಲ. ಜೋರಾಗಿ ಒತ್ತಿದೆ. ಬೇಕೆಂದೇ. ಅಮ್ಮ "ಅಯ್ಯಪ್ಪಾ!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

"ಹಾಗಾದ್ರೆ ನಾಳೆಯೂ ಬರ್ಬೇಕಮ್ಮಾ" ಎಂದೆ. ದನಿ ನಡುಗಿತು. ಖುಷಿಯಿಂದ. ಅಮ್ಮ ಅಳುತ್ತಿರುವಾಗ ನನಗೆ —